ಹೊಸ್ತಿಲಿನಿಂದ ಏಳದ ಟೈಲರಮ್ಮ

ಟೈಲರಮ್ಮನಿಗೆ ಹೆದರಿಕೆ ಹುಟ್ಟಿನೊಂದಿಗೇ ಬಂದದ್ದು. ಜಿರಲೆ ಹಾರಿದರೂ ಎದೆ ಹಿಡಿದುಕೊಳ್ಳುವಳು. ಗಂಡ ತೀರಿಹೋದ ಮೇಲಂತೂ ಬಾಗಿಲಿಗೆ ಮೇಲೊಂದು ಚಿಲಕ, ಕೆಳಗೊಂದು ಚಿಲಕ. "ಕಳ್ಳ ಬಂದ್ರೆ ನಮ್ಮತ್ತೇನೇ ಬೀಗದಕೈ ಕೊಟ್ಟು ಕೈ ಮುಗೀತಾರೆ" ಎಂದು ಸೊಸೆ ನಗುತ್ತಿದ್ದಳು.

ಅಂಥವಳು ಒಂದು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಮಲಗುತ್ತಿದ್ದ ಹೆಂಗಸೊಬ್ಬಳನ್ನು ಮನೆಗೇ ಕರೆತಂದಳು. ಮನೆಯಿಲ್ಲದವರ ರೂಪದಲ್ಲಿ ಯೇಸುವೇ ಬಾಗಿಲು ತಟ್ಟುತ್ತಾನೆ ಎಂದು ಅಂದು ಪೂಜೆಯಲ್ಲಿ ಫಾದರ್ ಹೇಳಿದ್ದರು.

"ತೆಗೀದೆ ಇದ್ರೆ ನಾಳೆ ಅವನ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ?" ಎಂದಳು ಸೊಸೆಗೆ. ಅದೂ ಹೆದರಿಕೆಯೇ.

ಹೊಲಿಗೆ ಕೋಣೆಯಲ್ಲಿ ಚಾಪೆ ಹಾಸಿಕೊಟ್ಟಳು. ಬಂದವಳು ಗೋಡೆಗೆ ಮುಖ ಮಾಡಿ ಮಲಗಿದಳು. ಬೆಳಗ್ಗೆ ನೋಡಿದರೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಅವಳ ತಲೆದಿಂಬಿನಡಿ ಇತ್ತು. ಟೈಲರಮ್ಮನ ಜೀವ ಬಾಯಿಗೆ ಬಂತು.

"ಅತ್ತೆ, ಯೇಸು ಕತ್ತರಿ ಹಿಡ್ಕೊಂಡೂ ಬರ್ತಾನಾ?" ಎಂದಳು ಸೊಸೆ. ಈ ಸಲ ಅವಳ ನಗುವೂ ಸೋತಿತ್ತು.

ಟೈಲರಮ್ಮ ತನ್ನ ಬೆನ್ನು ಗೋಡೆಗೆ ಬರುವಂತೆ ಹೊಲಿಗೆ ಮಿಷನ್ನನ್ನು ತಿರುಗಿಸಿಕೊಂಡು ಹೊಲಿಯತೊಡಗಿದಳು. ಹೋಗು ಎನ್ನಲು ಬಾಯಿ ಬಾರದು, ಇರು ಎನ್ನಲು ಧೈರ್ಯ ಸಾಲದು. ಕೊನೆಗೆ ಕೇಳಿದಳು: "ಕತ್ತರಿ ಯಾಕಮ್ಮ?"

ಹೆಂಗಸು ರವಿಕೆಯ ತೋಳು ಮಡಚಿ ತೋರಿಸಿದಳು. ಮೊಣಕೈವರೆಗೆ ಸುಟ್ಟ ಗಾಯದ ಕಲೆ. "ನನ್ನ ಗಂಡ ಹುಡುಕ್ಕೊಂಡು ಬರ್ತಾನೆ."

ಅಲ್ಲಿಂದ ಇಬ್ಬರಿಗೂ ಒಂದೇ ಹೆದರಿಕೆ. ಬೀದಿಯಲ್ಲಿ ಚಪ್ಪಲಿ ಸದ್ದಾದರೆ ಮಿಷನ್ ನಿಲ್ಲುತ್ತಿತ್ತು.

ಅವನು ಬಂದದ್ದು ಮಟಮಟ ಮಧ್ಯಾಹ್ನ, ಸೊಸೆ ಕೆಲಸಕ್ಕೆ ಹೋಗಿದ್ದಾಗ. ಗಿರಾಕಿ ಎಂದುಕೊಂಡು ಟೈಲರಮ್ಮ ಚಿಲಕ ತೆಗೆದಿದ್ದಳು. ಎದುರಿಗೆ ಬಾಗಿಲು ತುಂಬುವಂಥ ಆಳು.

"ನನ್ನ ಹೆಂಡ್ತಿ ಇಲ್ಲಿದಾಳಾ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಹೆದರಿ ಹೆದರಿ ಜೀವಮಾನದಲ್ಲಿ ಒಂದು ಸುಳ್ಳನ್ನೂ ಸಲೀಸಾಗಿ ಹೇಳಿ ಗೊತ್ತಿಲ್ಲದ ನಾಲಿಗೆ ಅದು.

"ಇದಾಳೆ," ಎಂದುಬಿಟ್ಟಳು. ಒಳಗೆ ಏನೋ ಬಿದ್ದ ಸದ್ದಾಯಿತು. "ಆದ್ರೆ ನೀವು ಒಳಗೆ ಬರಬಾರದು."

ಅವನು ಕಾಲಿಟ್ಟ. ಟೈಲರಮ್ಮ ಹೊಸ್ತಿಲ ಮೇಲೆ ಕುಸಿದು ಕುಳಿತಳು. ಕುಳಿತವಳು ಎರಡೂ ಕೈಯಿಂದ ಚೌಕಟ್ಟನ್ನು ತಬ್ಬಿಕೊಂಡು ಕಣ್ಣು ಮುಚ್ಚಿದಳು.

"ಏಳೇ ಮುದುಕಿ!" ಅವನು ಭುಜ ಹಿಡಿದು ಎಳೆದ. ರವಿಕೆ ತೋಳು ಪರ್ರೆಂದು ಹರಿಯಿತು. ಟೈಲರಮ್ಮ ಚೌಕಟ್ಟು ಬಿಡಲಿಲ್ಲ. "ಅಮ್ಮಾ ಮರಿಯಮ್ಮಾ!" ಎಂದು ಅವಳು ಚೀರಿದ ಚೀರಿಗೆ ಎದುರುಮನೆಯ ಇಸ್ತ್ರಿಯವನು ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದೇ ಓಡಿಬಂದ. ಅವನ ಹಿಂದೆ ಬೀದಿಯೇ ಬಂತು. ಅಷ್ಟು ಜನರೆದುರು ಮುದುಕಿಯನ್ನು ತುಳಿದು ದಾಟಲು ಆ ಗಂಡನಿಗೆ ಧೈರ್ಯವಾಗಲಿಲ್ಲ. "ನೋಡ್ಕೋತೀನಿ" ಎಂದು ಹಲ್ಲು ಕಡಿಯುತ್ತ ಹೋದ.

ಒಳಗಿನಿಂದ ಬಂದ ಹೆಂಗಸು ಅಳುತ್ತಲೇ ಸಿಡುಕಿದಳು: "ಇಲ್ಲ ಅಂದಿದ್ರೆ ಆಗ್ತಿತ್ತಲ್ಲಮ್ಮ!"

"ಬಾಯಿಗೆ ಬರಲಿಲ್ಲ ಕಣೇ," ಎಂದು ಟೈಲರಮ್ಮನೂ ಅತ್ತಳು. ಆ ಸಂಜೆ ಇಬ್ಬರೂ ಪೊಲೀಸರ ಬಳಿ ಹೋಗಿ ದೂರು ಕೊಟ್ಟರು. ಕೆಲವು ವಾರಗಳಲ್ಲಿ ಕನ್ಯಾಸ್ತ್ರೀಯರ ಮಠದ ಅಡುಗೆಮನೆಯಲ್ಲಿ ಹೆಂಗಸಿಗೆ ಕೆಲಸವೂ ಕೋಣೆಯೂ ಸಿಕ್ಕವು.

ಮುಂದೆ ಫಾದರ್ ಮತ್ತೊಬ್ಬಳನ್ನು ಕಳಿಸಿದರು. ಟೈಲರಮ್ಮ ಬಾಗಿಲನ್ನು ಬೆರಳಷ್ಟೇ ತೆರೆದು ಕೇಳಿದಳು: "ಗಂಡ ಇದಾನೇನಮ್ಮ? ತುಂಬಾ ದಪ್ಪನಾ?" ಉತ್ತರ ಬರುವ ಮೊದಲೇ ಚಾಪೆ ತರಲು ಒಳಗೆ ಹೋದಳು.