ನಲವತ್ತನೆಯ ಹೆಸರು

ಸರ್ಕಾರಿ ಪ್ರೌಢಶಾಲೆಯ ಲೆಕ್ಕದ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಶಾಲೆಯ ಅಂಗಳದಲ್ಲಿ ನಡೆದ ಸಂತಾಪ ಸಭೆಯಲ್ಲಿ ಮಾತಾಡಿದವರೆಲ್ಲ, ಅವರು ಯಾರನ್ನೂ ನೋಡಿ ಕರುಬಿದವರಲ್ಲ ಎಂದರು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ನಿಜ, ಸುಳ್ಳನ್ನೂ ಆಡಬಾರದು. ಪಾಠ ಹೇಳಿದ ಇಪ್ಪತ್ತೇಳು ವರ್ಷವೂ ಮೇಷ್ಟ್ರ ಹೊಟ್ಟೆಯಲ್ಲಿ ಕೆಂಡ ಇತ್ತು. ಅದನ್ನು ಬಿಟ್ಟು ಅವರ ಕಥೆ ಹೇಳಿದರೆ ಅದು ಇನ್ಯಾರದೋ ಕಥೆಯಾಗುತ್ತದೆ.

ಕೆಂಡಕ್ಕೆ ಗಾಳಿ ಹಾಕುತ್ತಿದ್ದವನು ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ರಸ್ತೆಯ ಆಚೆ ಬದಿಯ ಖಾಸಗಿ ಪ್ರೌಢಶಾಲೆಗೆ ಅವನೇ ಹೆಡ್ ಮಾಸ್ತರು. ಶಿಕ್ಷಕರ ತರಬೇತಿಯಲ್ಲಿ ಇಬ್ಬರದೂ ಒಂದೇ ಬೆಂಚು. ಮೇಷ್ಟ್ರು ಬರೆದ ನೋಟ್ಸ್ ನೋಡಿ, ಮೇಷ್ಟ್ರು ಬಿಡಿಸಿದ ಲೆಕ್ಕ ನಕಲು ಮಾಡಿ ಷಡ್ಡಕ ಪಾಸಾದ. ಈಗ ಅವನಿಗೆ ಮಹಡಿ ಮೇಲೆ ಸ್ವಂತ ಕೋಣೆ, ಬಾಗಿಲ ಹೊರಗೆ ಬೆಲ್ಲು. ಮೇಷ್ಟ್ರಿಗೆ ಸ್ಟಾಫ್ ರೂಮಿನಲ್ಲಿ ಕಾಲು ಮುರಿದ ಕುರ್ಚಿ. ಕೆಳಗೆ ಹಳೆಯ ಹಾಜರಿ ಪುಸ್ತಕ ಒತ್ತು ಕೊಟ್ಟು ಕೂರಬೇಕು. ಆ ಶಾಲೆಯ ಸೀಮೆಸುಣ್ಣದಲ್ಲಿ ಪುಡಿ ಉದುರುವುದಿಲ್ಲ ಎಂದು ಕೇಳಿ ಒಂದಿಡೀ ವಾರ ಅವರಿಗೆ ಊಟ ರುಚಿಸಲಿಲ್ಲ. ಅಲ್ಲಿನ ಮಕ್ಕಳು ಷಡ್ಡಕನನ್ನು ಕಂಡರೆ ಎದ್ದು ನಿಂತು "ಸರ್" ಅನ್ನುತ್ತಾರೆ; ತಮ್ಮ ಮಕ್ಕಳು ರಸ್ತೆಯ ಆ ತುದಿಯಿಂದಲೇ "ಮೇಷ್ಟ್ರೇಽಽ" ಅಂತ ಕೂಗುತ್ತಾರೆ. ಅದಕ್ಕೂ ಉರಿ.

"ನಿಮ್ಮ ಹೊಟ್ಟೆ ಮೇಲೆ ಒಂದು ಹಂಡೆ ನೀರಿಟ್ರೆ ಮನೆಯವರೆಲ್ಲರ ಸ್ನಾನ ಆಗುತ್ತೆ, ಗ್ಯಾಸಾದ್ರೂ ಉಳಿಯುತ್ತೆ" ಎಂದು ಹೆಂಡತಿ ಛೇಡಿಸುತ್ತಿದ್ದರು.

ಹತ್ತನೆಯ ತರಗತಿಯ ಫಲಿತಾಂಶ ಬಂದ ಮರುದಿನವಂತೂ ಮೇಷ್ಟ್ರ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ತಾಲ್ಲೂಕಿನ ಅಷ್ಟೂ ಪ್ರೌಢಶಾಲೆಗಳ ಪಟ್ಟಿ ಪತ್ರಿಕೆಯಲ್ಲಿ ಬರುತ್ತಿತ್ತು, ಸರ್ಕಾರಿಯದು ಒಂದು ಕಾಲಂ, ಖಾಸಗಿಯದು ಇನ್ನೊಂದು. ಮೇಷ್ಟ್ರು ಮೊದಲು ಓದುತ್ತಿದ್ದದ್ದು ಖಾಸಗಿ ಕಾಲಮ್ಮನ್ನೇ. ಷಡ್ಡಕನ ಶಾಲೆ ಸತತ ಒಂಬತ್ತು ವರ್ಷ ನೂರಕ್ಕೆ ನೂರು. ತಮ್ಮದು ಎಂಬತ್ತೆರಡು, ಎಂಬತ್ತೈದು, ಒಂದು ವರ್ಷ ಮೈಮರೆತು ತೊಂಬತ್ತು.

ಈ ಸಲ ಮಾತ್ರ ಲೆಕ್ಕ ಬೇರೆ ಇತ್ತು. ತರಗತಿಯಲ್ಲಿ ನಲವತ್ತು ಮಕ್ಕಳು. ಮೂವತ್ತೊಂಬತ್ತು ಮಂದಿ ಕಣ್ಣು ಮುಚ್ಚಿಕೊಂಡು ಬರೆದರೂ ಪಾಸು. ಉಳಿದವಳು ಒಬ್ಬ ಹುಡುಗಿ. ಒಂಬತ್ತನೆಯ ತರಗತಿಯವರೆಗೆ ಷಡ್ಡಕನ ಶಾಲೆಯಲ್ಲಿದ್ದು, ವರ್ಗಾವಣೆ ಪತ್ರ ಹಿಡಿದು ಇಲ್ಲಿಗೆ ಬಂದವಳು. ಬಾಯಿ ಬಿಡುತ್ತಿರಲಿಲ್ಲ; ತರಗತಿಯಲ್ಲಿ ಅವಳಿಗೆ "ಮೂಕಿ" ಅಂತಲೇ ಹೆಸರು. ಪ್ರತಿ ಕಿರುಪರೀಕ್ಷೆಯಲ್ಲೂ ಲೆಕ್ಕದಲ್ಲಿ ನೂರಕ್ಕೆ ಹನ್ನೆರಡೋ ಹದಿಮೂರೋ.

ನವೆಂಬರಿನಲ್ಲಿ ಮಾವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರಿದ್ದಾಗ ಮೇಷ್ಟ್ರು ತಡೆಯಲಾರದೆ ಕೇಳಿಯೇಬಿಟ್ಟರು. "ಅಲ್ಲಯ್ಯಾ, ವರ್ಷಾ ವರ್ಷಾ ನೂರು ಹೇಗೆ ಬರುತ್ತೆ? ನಿಮ್ಮಲ್ಲಿ ದಡ್ಡರೇ ಹುಟ್ಟಲ್ವಾ?"

ಷಡ್ಡಕ ಕೈ ತೊಳೆಯುತ್ತಾ ನಕ್ಕ. "ಅಣ್ಣಾ, ನೀವು ಲೆಕ್ಕದ ಮೇಷ್ಟ್ರು, ನಿಮಗೆ ನಾನು ಹೇಳಿಕೊಡ್ಬೇಕಾ? ಭಿನ್ನರಾಶೀಲಿ ಮೇಲಿಂದು ಹೆಚ್ಚು ಮಾಡೋಕಾಗ್ದಿದ್ರೆ ಕೆಳಗಿಂದು ಕಮ್ಮಿ ಮಾಡಿ. ಡಿಸೆಂಬರಲ್ಲಿ ಪರೀಕ್ಷೆಗೆ ಅಂತ ಬೋರ್ಡಿಗೆ ಹೆಸರು ಕಳಿಸ್ತೀವಲ್ಲ, ಅದಕ್ಕೆ ಮುಂಚೆ ಅಪ್ಪ ಅಮ್ಮನ್ನ ಕರೆಸಿ ಒಂದು ಕಾಗದಕ್ಕೆ ಸಹಿ ಹಾಕಿಸ್ಕೊಂಡ್ರಾಯ್ತು."

ಅಂದಿನಿಂದ ಮೇಷ್ಟ್ರ ತಲೆಯಲ್ಲಿ ಅದೇ ಭಿನ್ನರಾಶಿ. ನಲವತ್ತರಲ್ಲಿ ಮೂವತ್ತೊಂಬತ್ತು ಅಂದರೆ ತೊಂಬತ್ತೇಳೂವರೆ. ಮೂವತ್ತೊಂಬತ್ತರಲ್ಲಿ ಮೂವತ್ತೊಂಬತ್ತು ಅಂದರೆ ನೂರು. ಹುಡುಗಿ ಮುಂದಿನ ವರ್ಷ ಹೊರಗಿನಿಂದ ಪರೀಕ್ಷೆ ಕಟ್ಟಿದರಾಯಿತು, ಆಕಾಶವೇನೂ ಕಳಚಿ ಬೀಳುವುದಿಲ್ಲ. ಹಾಗೆ ಹೊರಗಿನಿಂದ ಕಟ್ಟುತ್ತೇನೆಂದು ಹೋದವರು ಮತ್ತೆ ಪುಸ್ತಕ ಮುಟ್ಟುವುದಿಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಗೊತ್ತಿದ್ದೂ ಕಾಗದ ಬರೆದರು. ಮುತ್ತಿನಂಥ ಅಕ್ಷರದಲ್ಲಿ: "ಅನಾರೋಗ್ಯದ ಕಾರಣ ನನ್ನ ಮಗಳು ಈ ವರ್ಷ ಪರೀಕ್ಷೆಗೆ ಕೂರುವುದಿಲ್ಲ." ಕೆಳಗೆ ಸಹಿಗೆ ಜಾಗ.

ಹುಡುಗಿಯ ತಾಯಿ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವವಳು. ಊಟದ ಬಿಡುವಿನಲ್ಲಿ ಓಡೋಡಿ ಬಂದಳು. ತಲೆಯಲ್ಲಿ ಬಟ್ಟೆಯ ನಾರು ಹಾಗೇ ಇತ್ತು. ಮೇಷ್ಟ್ರು ಕಾಗದ ಓದಿ ಹೇಳಿದರು. ಅವಳು ವಾದ ಮಾಡಲಿಲ್ಲ, ಅಳಲಿಲ್ಲ. ಪೆನ್ನು ಕೈಗೆ ತೆಗೆದುಕೊಂಡಳು.

"ಎಲ್ಲಿ ಹಾಕ್ಬೇಕು ಸಾರ್? ಆ ಶಾಲೇಲೂ ಬಿಡಿಸೋವಾಗ ಇಂಥದ್ದೇ ಒಂದಕ್ಕೆ ಹಾಕಿಸ್ಕೊಂಡ್ರು. ಅದ್ರಲ್ಲೂ ಹುಷಾರಿಲ್ಲ ಅಂತಾನೇ ಬರೆದಿದ್ರು." ಆಮೇಲೆ ಅರ್ಥವಾಗದವಳಂತೆ ಕೇಳಿದಳು: "ಅವಳು ಗುಂಡುಕಲ್ಲಿನ ಹಾಗಿದಾಳೆ, ಒಂದು ನೆಗಡೀನೂ ಬರಲ್ಲ. ಶಾಲೆಯೋರಿಗೆ ಮಾತ್ರ ಹೇಗೆ ಸಾರ್ ಕಾಯಿಲೆ ಕಾಣುತ್ತೆ?"

ಮೇಷ್ಟ್ರು ಕಾಗದವನ್ನು ಅವಳ ಕೈಯಿಂದ ಎಳೆದುಕೊಂಡರು. "ಇದಲ್ಲಮ್ಮಾ. ಬೇರೆ ಯಾರದೋ ಕಾಗದ. ನೀವು ಹೋಗಿ, ಹೊತ್ತಾಯ್ತು."

ಅದು ಕರುಣೆ ಎಂದು ಹೇಳಿ ಅವರನ್ನು ದೊಡ್ಡವರನ್ನಾಗಿ ಮಾಡುವುದು ಸುಲಭ. ಅವರು ಹೆಂಡತಿಯ ಮುಂದೆ ಹೇಳಿಕೊಂಡದ್ದು ಬೇರೆ. "ಅಕ್ಷರಕ್ಕಕ್ಷರ ಅವನದೇ ಕಾಗದ ಕಣೇ! ನನ್ನ ನೋಡಿ ನಕಲು ಮಾಡಿ ಪಾಸಾದೋನು ಅವನು. ಈ ವಯಸ್ಸಲ್ಲಿ ನಾನು ಅವನ್ನ ನೋಡಿ ನಕಲು ಮಾಡ್ಲಾ? ಸಾಯ್ತೀನಿ ಅಂದ್ರೂ ಮಾಡಲ್ಲ." ಅಷ್ಟರ ಮಟ್ಟಿಗೆ ಹೊಟ್ಟೆಕಿಚ್ಚೇ ಅವರನ್ನು ಕಾಪಾಡಿತು.

ನಲವತ್ತು ಹೆಸರೂ ಹೋದವು. ಮರುದಿನದಿಂದ ಶಾಲೆ ಶುರುವಾಗುವುದಕ್ಕೆ ಒಂದು ಗಂಟೆ ಮುಂಚೆ ಹುಡುಗಿ ಅವರೆದುರು ಕೂರಬೇಕಾಯಿತು. ಮೊದಲ ವಾರದಲ್ಲೇ ರೋಗ ಸಿಕ್ಕಿತು. ಅವಳಿಗೆ ಲೆಕ್ಕ ಬರುತ್ತಿತ್ತು. ಪೆನ್ಸಿಲಿನಲ್ಲಿ ಮಾಡಿ, ಸರಿಯೋ ತಪ್ಪೋ ಎಂಬ ಭಯಕ್ಕೆ ಉಜ್ಜಿಬಿಡುತ್ತಿದ್ದಳು. ಹಿಂದಿನ ಶಾಲೆಯಲ್ಲಿ ಒಂದು ಗೀಚು ಕಂಡರೂ ಪುಟ ಹರಿದು ಮತ್ತೆ ಬರೆಸುತ್ತಿದ್ದರಂತೆ. ಮೇಷ್ಟ್ರು ರಬ್ಬರ್ ಕಿತ್ತುಕೊಂಡು ಕಿಟಕಿಯಾಚೆ ಎಸೆದರು. "ತಪ್ಪಾದ್ರೆ ಹೊಡ್ದು ಹಾಕಿ ಪಕ್ಕದಲ್ಲಿ ಬರಿ. ಕೊಳಕಾಗ್ಲಿ. ನಿನ್ನ ಉತ್ತರಪತ್ರಿಕೇನ ಯಾರೂ ಕನ್ನಡಿ ಮಾಡ್ಕೊಳ್ಳಲ್ಲ." ಮೂಕಿ ಅಂದು ಮೊದಲ ಸಲ ನಕ್ಕಳು.

ಫಲಿತಾಂಶ ಬಂತು. ಹುಡುಗಿ ಪಾಸು, ಲೆಕ್ಕದಲ್ಲಿ ನಲವತ್ತೊಂದು. ಆದರೆ ಕಣ್ಣು ಮುಚ್ಚಿಕೊಂಡು ಬರೆಯಬೇಕಾಗಿದ್ದವರಲ್ಲಿ ಒಬ್ಬ ನಿಜಕ್ಕೂ ಹಾಗೇ ಬರೆದಿರಬೇಕು, ಸಮಾಜ ವಿಜ್ಞಾನದಲ್ಲಿ ಡುಮ್ಕಿ ಹೊಡೆದ. ಸರ್ಕಾರಿ ಕಾಲಮ್ಮಿನಲ್ಲಿ ತೊಂಬತ್ತೇಳೂವರೆ. ಆಚೆ ಕಾಲಮ್ಮಿನಲ್ಲಿ ಹತ್ತನೆಯ ಸಲ ನೂರು.

ಮೇಷ್ಟ್ರು ಇಡೀ ದಿನ ಎರಡೂ ಕಾಲಮ್ಮುಗಳನ್ನು ಮತ್ತೆ ಮತ್ತೆ ಓದಿದರು. ಆಮೇಲೆ ಒಂದು ಉಪಾಯ ಹೊಳೆಯಿತು. ಹುಡುಗಿಯ ಅಂಕಪಟ್ಟಿಯ ಜೆರಾಕ್ಸ್ ಜೇಬಿಗೆ ಹಾಕಿಕೊಂಡು, ಭಾನುವಾರ ಸಂಜೆ ಹೆಂಡತಿಯ ಜೊತೆ ಷಡ್ಡಕನ ಮನೆಗೆ ನಡೆದರು. ನೀನು ಬೇಡವೆಂದು ಕಳಿಸಿದ್ದನ್ನು ನಾನು ದಡ ಮುಟ್ಟಿಸಿದೆ ಎಂದು ಅವನ ಮುಖದ ಮುಂದೆ ಹಿಡಿಯಬೇಕು, ಆ ಮುಖ ಚಿಕ್ಕದಾಗುವುದನ್ನು ಕಣ್ತುಂಬ ನೋಡಬೇಕು.

ಷಡ್ಡಕ ಕನ್ನಡಕ ಹಾಕಿಕೊಂಡು ಹೆಸರು ಓದಿದ. ಇನ್ನೊಮ್ಮೆ ಓದಿದ. "ಯಾರಣ್ಣಾ ಇದು?"

"ನಿನ್ನ ಶಾಲೇಲಿ ಒಂಬತ್ತರವರೆಗೂ ಇದ್ಳು. ಕಳಿಸಿದ್ಯಲ್ಲ."

"ಹೌದಾ? ಇರಬಹುದು. ಪಾಸಾದ್ಳಾ? ಪಾಪ, ಒಳ್ಳೇದಾಯ್ತು. ಬನ್ನಿ, ಕಾಫಿ ತಗೊಳ್ಳಿ."

ಮೇಷ್ಟ್ರು ಕಾಫಿ ಕುಡಿದು ಎದ್ದರು. ದಾರಿಯಲ್ಲಿ ಜೆರಾಕ್ಸನ್ನು ಮಡಚಿ ಮತ್ತೆ ಜೇಬಿಗೆ ಹಾಕಿಕೊಂಡರು. ಆಮೇಲೆ ಹೆಂಡತಿಗೆ ಹೇಳಿದರು: "ನಾಟಕ ಆಡ್ಲಿಲ್ಲ ಕಣೇ ಅವನು. ನಿಜವಾಗ್ಲೂ ನೆನಪಿಲ್ಲ."

"ಇಲ್ದಿದ್ರೆ ಬಿಡಿ. ನಿಮಗೇನೀಗ?"

"ಪುಣ್ಯವಂತ! ನನ್ನ ಕೈಲಿ ಫೇಲಾದ ಒಂದೊಂದು ಮಗುವೂ ನನಗೆ ನೆನಪಿದೆ. ಮೊದಲ್ನೇ ವರ್ಷದಿಂದ. ಅವನು ನೋಡು, ಎಷ್ಟು ಹಗುರವಾಗಿದಾನೆ."

"ಅಯ್ಯೋ ರಾಮ, ಮರೆಯೋದಕ್ಕೂ ಹೊಟ್ಟೆಕಿಚ್ಚಾ?"

"ಅದಕ್ಕೇ ಜಾಸ್ತಿ."

ಹೆಂಡತಿ ನಂಬಲಿಲ್ಲ. ಎಲ್ಲಿ, ಹೇಳಿ ನೋಡೋಣ ಎಂದರು. ಮೇಷ್ಟ್ರು ಶುರು ಮಾಡಿದರು. ಮೊದಲ ವರ್ಷ ಏಳು ಜನ. ಹೆಸರು, ಇನಿಷಿಯಲ್, ಕೂರುತ್ತಿದ್ದ ಬೆಂಚು, ಸಿಕ್ಕಿದ ಅಂಕ. ಎರಡನೆಯ ವರ್ಷ ಹನ್ನೊಂದು. ನಡೆಯುತ್ತಾ ನಡೆಯುತ್ತಾ ಒಂಬತ್ತನೆಯ ವರ್ಷ ಮುಗಿಯುವಷ್ಟರಲ್ಲಿ ಮನೆ ಬಂತು. ಕಾಲು ನೋಯ್ತಿದೆ, ಉಳಿದದ್ದು ಇನ್ನೊಂದು ದಿನ ಹೇಳಿ ಎಂದು ಹೆಂಡತಿ ಬೀಗ ತೆಗೆದರು.

ಆ ಗುರುವಾರ ಬೆಳಗ್ಗೆ, ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ, ಮೇಷ್ಟ್ರ ಎದೆಬಡಿತ ನಿಂತಿತು. ಉಳಿದ ಹದಿನೆಂಟು ವರ್ಷದವರು ಯಾರು ಯಾರೆಂದು ಈಗ ಯಾರಿಗೂ ಗೊತ್ತಿಲ್ಲ.