ಎರಡು ಹನಿ ಸೋರಿದರೆ ರಿಜೆಕ್ಟಾ?

ಪೀಣ್ಯದಲ್ಲಿ ಹೆದ್ದಾರಿ ಮೇಲ್ಸೇತುವೆಗೆ ಕಂಬ ಏಳ್ತಿದ್ದ ಕಾಲ ಅದು. ರಾಜಗೋಪಾಲನಗರದ ಬಾಡಿಗೆ ಮನೆಯಿಂದ ಫ್ಯಾಕ್ಟರಿಗೆ ಧೂಳು ಕುಡ್ಕೊಂಡೇ ನಡೀತಿದ್ದೆ. ಗೇಟ್ ಮುಟ್ಟೋ ಹೊತ್ತಿಗೆ ಏದುಸಿರು. ಧೂಳಿಂದ ಅಂದ್ಕೊಂಡಿದ್ದೆ. ಒಂದಿನ ಫ್ಯಾಕ್ಟರಿ ಅಂಗಳದಲ್ಲಿ ಶಾಮಿಯಾನ ಹಾಕಿ ಎಲ್ಲರಿಗೂ ಆರೋಗ್ಯ ತಪಾಸಣೆ ಮಾಡಿಸಿದ್ರು. ಚಿಕ್ಕ ವಯಸ್ಸಿನ ಡಾಕ್ಟರೊಬ್ಬ ಎದೆ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಿದ, ಇನ್ನೊಂದ್ಸಲ ಕೇಳಿದ. "ಅಕ್ಕ, ನಿಮ್ಮ ಹೃದಯದ ಒಂದು ವಾಲ್ವ್ ಲೀಕ್ ಇದ್ದಂಗಿದೆ" ಅಂದ.

ನನಗೆ ನಗು ಬಂದ್ಬಿಡ್ತು. ಯಾಕಂದ್ರೆ ವಾಲ್ವ್ ಲೀಕ್ ಹಿಡಿಯೋದೇ ನನ್ನ ಹೊಟ್ಟೆಪಾಡು. ನಮ್ಮ ಫ್ಯಾಕ್ಟರೀಲಿ ನೀರಿನ ಪೈಪಿಗೆ ಹಾಕೋ ನಾನ್-ರಿಟರ್ನ್ ವಾಲ್ವ್ ಮಾಡ್ತಿದ್ವಿ. ನೀರು ಮುಂದಕ್ಕೆ ಹೋಗ್ಬೇಕು, ಹಿಂದಕ್ಕೆ ಬರಬಾರದು, ಅಷ್ಟೇ ಅದರ ಕೆಲಸ. ಒಳಗಿನ ಮುಚ್ಚಳ ಕೂರೋ ಅಂಚಿಗೆ ಸೀಟು ಅಂತೀವಿ, ಕೆಲವಕ್ಕೆ ರಬ್ಬರಿಂದು, ಕೆಲವಕ್ಕೆ ಲೋಹದ್ದು. ಹನ್ನೊಂದು ವರ್ಷದಿಂದ ನಾನು ಟೆಸ್ಟ್ ಬೆಂಚಲ್ಲಿದ್ದೆ. ವಾಲ್ವ್ ಬಿಗಿದು, ಹಿಂದಗಡೆಯಿಂದ ನೀರಿನ ಪ್ರೆಶರ್ ಕೊಟ್ಟು, ಸೋರುತ್ತಾ ಅಂತ ನೋಡೋದು. ಸೋರಿದ್ದಕ್ಕೆ ಕೆಂಪು ಬಣ್ಣ ಬಳಿದು ಮೂಲೆಗೆ ಎಸೆಯೋದು.

ಆ ಕೆಂಪು ಬಣ್ಣ ನೆನಪಾಗಿದ್ದೇ ತಡ, ನಗು ನಿಂತೋಯ್ತು. ಎಷ್ಟು ಸಾವಿರ ಪೀಸು ಮೂಲೆಗೆಸೆದಿದ್ದೀನೋ ಏನೋ, ಈಗ ನನ್ನ ಸರದಿ ಅನ್ನಿಸ್ತು. ಲೀಕ್ ಅಂದ್ರೆ ರಿಜೆಕ್ಟ್, ಆ ಗಾಬರೀಲಿ ತಲೆಗೆ ಹೊಳೆದದ್ದು ಅದೊಂದೇ. ಮನೇಲಿ ನಾನು, ಒಂಬತ್ತನೇ ಕ್ಲಾಸಿನ ಮಗಳು, ಇಬ್ಬರೇ.

ಮಾರನೇ ಬೆಳಿಗ್ಗೆ ಹಾಜರಿ ಪಂಚ್ ಮಾಡೋಕೆ ಹೋದ್ರೆ ನನ್ನ ಕಾರ್ಡೇ ಇಲ್ಲ. ಸೂಪರ್‌ವೈಸರ್ ತೆಗೆದಿಟ್ಟಿದ್ದ. "ಹಾರ್ಟ್ ಪೇಷೆಂಟ್ ಅಂತೆ. ಮನೇಲಿ ರೆಸ್ಟ್ ತಗೊಳಮ್ಮ, ನಾವೇ ಹೇಳಿ ಕಳಿಸ್ತೀವಿ" ಅಂದ. ಹೇಳಿ ಕಳಿಸ್ತೀವಿ ಅಂದ್ರೆ ಏನರ್ಥ ಅಂತ ಪೀಣ್ಯದ ಬೀದಿನಾಯಿಗೂ ಗೊತ್ತು. ಕರುಣೆ ಬೇರೆ ಮುಖದಲ್ಲಿ! ಮೈಯೆಲ್ಲ ಉರಿದೋಯ್ತು. ಹೃದಯ ನಂದು, ತೀರ್ಮಾನ ಇವನದ್ದಾ? ಸೀದಾ ದೊಡ್ಡಾಸ್ಪತ್ರೆಗೆ ಬಸ್ ಹತ್ತಿದೆ.

ಅಲ್ಲಿ ಏದುಸಿರಿನ ಕಥೆ ಕೇಳಿ, ರಕ್ತ ಪರೀಕ್ಷೆ ಮಾಡಿ, ಆಮೇಲೆ ಎಡಮಗ್ಗುಲಿಗೆ ಮಲಗಿಸಿ, ಎದೆಗೆ ತಣ್ಣನೆ ಜೆಲ್ಲಿ ಹಚ್ಚಿ, ಎಕೋ ಮಾಡಿದ್ರು. ಪರದೆ ಮೇಲೆ ನನ್ನ ಹೃದಯ ಬಾಯಿ ಬಿಡೋದು, ಮುಚ್ಚೋದು ಕಾಣ್ತಿತ್ತು. ಯಾವುದೋ ಗುಂಡಿ ಒತ್ತಿದಾಗ ಮಿಷನ್ನಿಂದ ಸದ್ದು ಬಂತು. ಪ್ರತಿ ಬಡಿತದ ಜೊತೆ ಸಣ್ಣಗೆ ಒಂದು ಸುಯ್. ಅಯ್ಯೋ, ಇದು ನನ್ನ ಬೆಂಚಿನ ಸದ್ದು! ನೀರು ಸಂದಿನಿಂದ ವಾಪಸ್ ನುಗ್ಗುವಾಗ ಹಿಂಗೇ ಸುಯ್ ಅನ್ನುತ್ತೆ. "ಮೇಡಂ, ಸಣ್ಣ ಲೀಕೇ ಅಲ್ವಾ ಇದು?" ಅಂದೆ. ಡಾಕ್ಟರಮ್ಮ ಕೈ ನಿಲ್ಲಿಸಿ ನನ್ನ ಮುಖ ನೋಡಿದ್ರು. "ನಿಮಗೆ ಹೇಗೆ ಗೊತ್ತಾಯ್ತು?" ಅಂದ್ರು. ಕೆಲಸ ಏನು ಅಂತ ಹೇಳಿದೆ. ಜೋರಾಗಿ ನಕ್ಕು, ಚೀಟಿ ತಿರುಗಿಸಿ ಚಿತ್ರ ಬರೆದು ತೋರಿಸಿದ್ರು.

ಮೇಲೆ ಎರಡು ಕೋಣೆ, ಕೆಳಗೆ ಎರಡು. ಮೈಯೆಲ್ಲ ಸುತ್ತಿ ಸುಸ್ತಾದ ರಕ್ತ ದೊಡ್ಡ ನಾಳಗಳಲ್ಲಿ ಬಲ ಮೇಲ್ಕೋಣೆಗೆ ಬರುತ್ತೆ. ವಾಲ್ವ್ ದಾಟಿ ಬಲ ಕೆಳಕೋಣೆಗೆ ಇಳಿಯುತ್ತೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತೆ. ಗಾಳಿ ತುಂಬ್ಕೊಂಡು ಎಡ ಮೇಲ್ಕೋಣೆಗೆ ವಾಪಸ್. ಅಲ್ಲಿಂದ ಎರಡು ರೆಕ್ಕೆಯ ವಾಲ್ವ್ ದಾಟಿ ಎಡ ಕೆಳಕೋಣೆ. ಅದರ ಗೋಡೆ ಎಲ್ಲಕ್ಕಿಂತ ದಪ್ಪ, ಯಾಕಂದ್ರೆ ಉಂಗುಷ್ಟದ ತುದಿತನಕ ತಳ್ಳೋ ಜವಾಬ್ದಾರಿ ಅದರದ್ದು. ಅದು ಹಿಂಡಿದಾಗ ಮಹಾಧಮನಿಯ ಬಾಗಿಲು ತೆಗೆಯುತ್ತೆ, ಆ ಎರಡು ರೆಕ್ಕೆ ಮುಚ್ಕೊಳ್ಳುತ್ತೆ. ಕರೆಂಟೂ ಬೇಡ, ಸ್ವಿಚ್ಚೂ ಬೇಡ. ರಕ್ತದ ಪ್ರೆಶರೇ ತೆಗೆಯುತ್ತೆ, ಪ್ರೆಶರೇ ಮುಚ್ಚುತ್ತೆ. ಥೇಟ್ ನಮ್ಮ ಫ್ಯಾಕ್ಟರಿ ಪೀಸೇ!

ನನ್ನದ್ರಲ್ಲಿ ಆ ಎರಡು ರೆಕ್ಕೆ ಪೂರ್ತಿ ಸೇರ್ತಿರಲಿಲ್ಲ. ಚಿಕ್ಕೋಳಿದ್ದಾಗ ನನಗೆ ಕೀಲುಕೀಲೆಲ್ಲ ಊದಿ ಜ್ವರ ಬಂದಿತ್ತು, ಇದು ಅದು ಬಿಟ್ಟುಹೋದ ಗುರುತು ಅಂದ್ರು. "ಸೋರಿಕೆ ಕಡಿಮೆ ಇದೆ. ಆ ಜ್ವರ ಮತ್ತೆ ಬರದ ಹಾಗೆ ಮೂರು ವಾರಕ್ಕೊಂದು ಇಂಜೆಕ್ಷನ್, ಒಂದೂ ತಪ್ಪಿಸಬಾರದು. ರಕ್ತವೂ ಕಡಿಮೆ ಇದೆ ನಿಮಗೆ, ಆ ಏದುಸಿರು ಅದಕ್ಕೇ, ಮಾತ್ರೆ ಕೊಡ್ತೀನಿ. ವರ್ಷಕ್ಕೊಂದ್ಸಲ ಬಂದು ತೋರಿಸಿ. ಕೆಲಸ ಬಿಡೋ ಅಗತ್ಯ ಇಲ್ಲ." ಅದನ್ನೇ ಬರೆದು ಸಹಿ ಹಾಕಿ ಕೊಟ್ರು. ಬಸ್ಸಲ್ಲಿ ಆ ಚೀಟೀನ ನಾಲ್ಕು ಸಲ ಓದಿದೆ. ಅಳು ಬಂತು, ಅತ್ತೆ, ಒರೆಸ್ಕೊಂಡೆ.

ಮಾರನೇ ದಿನ ಚೀಟಿ ಹಿಡ್ಕೊಂಡು ಸೂಪರ್‌ವೈಸರ್ ಮುಂದೆ ನಿಂತೆ. ಅವನು ಓದಿ ಮೂಗು ಮುರಿದ. "ಲೀಕ್ ಇದೆ ಅಂತ ಇದರಲ್ಲೇ ಬರೆದಿದೆಯಲ್ಲಮ್ಮ."

"ಸಾರ್, ರಬ್ಬರ್ ಸೀಟಿನ ವಾಲ್ವ್ ಒಂದು ಹನಿ ಸೋರಿದ್ರೂ ರಿಜೆಕ್ಟ್, ಸರಿ. ಲೋಹದ ಸೀಟಿಂದು? ನಿಮಿಷಕ್ಕೆ ಇಷ್ಟು ಹನಿ ಸೋರಬಹುದು ಅಂತ ಟೆಸ್ಟ್ ಶೀಟಲ್ಲೇ ಇಲ್ವಾ? ಹನಿ ಎಣಿಸೋಳು ನಾನು, ಪಾಸ್ ಅಂತ ಸೀಲ್ ಹೊಡೆಯೋರು ನೀವು. ಕಬ್ಬಿಣಕ್ಕೆ ಕೊಡೋ ರಿಯಾಯ್ತಿ ಮನುಷ್ಯರಿಗೆ ಇಲ್ವಾ? ನನ್ನ ವಾಲ್ವನ್ನ ಟೆಸ್ಟ್ ಮಾಡಿದೋರು ಪಾಸ್ ಮಾಡಿದ್ದಾರೆ. ನೀವು ಯಾವ ಬೆಂಚಲ್ಲಿ ಕೂತು ಫೇಲ್ ಮಾಡಿದ್ರಿ?"

ಹಿಂದೆ ಅಸೆಂಬ್ಲಿ ಹೆಂಗಸರು ಸ್ಪ್ಯಾನರ್ ಕೆಳಗಿಟ್ಟು ನೋಡ್ತಿದ್ರು. ಅವನಿಗೆ ಮುಖಭಂಗ ಆಯ್ತು. ಡ್ರಾಯರ್ ಎಳೆದು ಬಿಳಿ ಹಾಳೆ ಮುಂದಿಟ್ಟ. "ಹಂಗಾದ್ರೆ ಬರ್ಕೊಡು. ನಂಗೇನಾದ್ರೂ ಆದ್ರೆ ಕಂಪನಿ ಜವಾಬ್ದಾರಿ ಅಲ್ಲ ಅಂತ."

"ಬರೀತೀನಿ ಕೊಡಿ" ಅಂದೆ. ನಿಂತ್ಕೊಂಡೇ ಬರೆದೆ. 'ನನ್ನ ಹೃದಯದ ವಾಲ್ವ್ ಸ್ವಲ್ಪ ಸೋರುತ್ತದೆ. ಕೆಲಸ ಮಾಡಬಹುದು ಎಂದು ಡಾಕ್ಟರ್ ಬರೆದುಕೊಟ್ಟಿದ್ದಾರೆ. ಅದನ್ನು ಓದಿದ ಮೇಲೂ ಸೂಪರ್‌ವೈಸರ್ ನನ್ನ ಕಾರ್ಡ್ ಕೊಡುತ್ತಿಲ್ಲ.' ಕೆಳಗೆ ನನ್ನ ಸಹಿ. ಪಕ್ಕದಲ್ಲಿ ಅವನ ಸಹಿಗೆ ಜಾಗ ಬಿಟ್ಟು ಪೆನ್ನು ಮುಂದೆ ಹಿಡಿದೆ.

ಅವನು ಪೆನ್ನು ತಗೊಳ್ಳಲಿಲ್ಲ. ನಾನೂ ಕೈ ಇಳಿಸ್ಲಿಲ್ಲ. ಎದೆ ಡವಡವ ಅಂತಿತ್ತು. ಹೊಡ್ಕೋ, ಎಷ್ಟು ಬೇಕಾದ್ರೂ ಹೊಡ್ಕೋ, ಇಲ್ಲಿಂದ ಮಾತ್ರ ಕದಲಲ್ಲ ಅಂತ ಆ ಎದೆಗೇ ಹೇಳಿದೆ. ಕೊನೆಗೆ ಅವನೇ ಡ್ರಾಯರಿಂದ ಕಾರ್ಡ್ ತೆಗೆದು ಮೇಜಿನ ಮೇಲೆ ಎಸೆದ. "ಹೋಗು ತಾಯಿ, ಹೋಗು, ಕೆಲಸ ನೋಡು."

ಕಾರ್ಡ್ ಎತ್ಕೊಂಡೆ. ಹೋಗ್ಲಿಲ್ಲ. "ಮೂರು ವಾರಕ್ಕೊಂದು ಬೆಳಿಗ್ಗೆ ಇಂಜೆಕ್ಷನ್ ಮುಗಿಸ್ಕೊಂಡು ಒಂದು ಗಂಟೆ ಲೇಟಾಗಿ ಬರ್ತೀನಿ ಸಾರ್. ರಿಜಿಸ್ಟರಲ್ಲಿ ಬರ್ಕೊಳ್ಳಿ, ನಾನು ನೋಡಿ ಹೋಗ್ತೀನಿ."

ಬರ್ಕೊಂಡ.