ಮರೆಪ್ಪ ಮಿಸ್ತ್ರಿ ಮತ್ತು ಅಪ್ಪನ ಪಿಕಪ್

ಮರೆಪ್ಪ ಮಿಸ್ತ್ರಿ ಗಾಡಿಯನ್ನು ಮೊದಲು ನೆಲದ ಮೇಲೆ ಬರೆಯುತ್ತಿದ್ದರು. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಅವರ ತಗಡಿನ ಶೆಡ್ಡು. ಅದರ ಮುಂದಿನ ಅಂಗಳವನ್ನು ಸ್ವಚ್ಛವಾಗಿ ಗುಡಿಸಿ, ಡಬ್ಬಿಯಲ್ಲಿದ್ದ ಸುಣ್ಣದ ಪುಡಿಯನ್ನು ಬೆರಳ ಸಂದಿನಿಂದ ಬಿಡುತ್ತ, ಸೊಂಟ ಬಗ್ಗಿಸಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದರು. ಅರ್ಧ ತಾಸಿನಲ್ಲಿ ಗಾಲಿ, ಎಂಜಿನ್ನು, ಚಾಲಕನ ಸೀಟು, ಹಿಂದಿನ ತೊಟ್ಟಿ ಎಲ್ಲವೂ ಇದ್ದ ಅಳತೆಯಲ್ಲೇ ನೆಲದ ಮೇಲೆ ಮೂಡುತ್ತಿದ್ದವು. ಆಮೇಲೆ ಆ ಬಿಳಿ ಗಾಡಿಯೊಳಗೆ ತಾವೇ ಹೋಗಿ, ಸೀಟಿನ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು, ಇಲ್ಲದ ಸ್ಟೇರಿಂಗಿಗೆ ಕೈ ಚಾಚಿ ನೋಡುತ್ತಿದ್ದರು. ಬಸ್ಸಿಗೆ ಕಾಯುವ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಮಿಸ್ತ್ರಿಗೆ ಅದರ ಪರಿವೆಯೇ ಇರುತ್ತಿರಲಿಲ್ಲ.

ಈ ವಿದ್ಯೆ ಅವರಿಗೆ ಕಾಲುವೆಯಿಂದ ಬಂದದ್ದು. ಕೃಷ್ಣೆಯ ನೀರು ತರಲು ನಮ್ಮ ಸೀಮೆಯಲ್ಲಿ ಕಾಲುವೆ ಅಗೆಯುತ್ತಿದ್ದಾಗ ಅವರು ಹದಿಹರೆಯದ ಕೂಲಿ. ಸರ್ವೇ ಮಾಡುವವರ ಹಿಂದೆ ಸುಣ್ಣದ ಬುಟ್ಟಿ ಹೊತ್ತು, ಕಪ್ಪು ಮಣ್ಣಿನ ಎರಿ ಹೊಲಗಳ ಮೇಲೆ ಮೈಲುಗಟ್ಟಲೆ ಗೆರೆ ಹಾಕಿದವರು. ಮುಂದೆ ಕಾಲುವೆ ಕೆಲಸದ ಕ್ಯಾಂಪಿನ ವರ್ಕ್‌ಶಾಪಿಗೆ ಸೇರಿ ನಟ್ಟು ಬಿಚ್ಚುವ ಪಾನಾ ಹಿಡಿದರು. ಆದರೆ ಗೆರೆಯ ಮೇಲಿನ ನಂಬಿಕೆ ಹೋಗಲಿಲ್ಲ. "ಗೆರಿ ಸರಿ ಬಿದ್ರ ನೀರು ತಾನ ಹೋಗ್ತದ, ದೂಡೂದು ಬ್ಯಾಡ" ಎಂಬುದು ಅವರ ಮಾತು. ಗಾಡಿಗೂ ಅದನ್ನೇ ಹೇಳುತ್ತಿದ್ದರು, ಯಾರದಾದರೂ ಮಗಳ ಮದುವೆ ಮಾತು ಬಂದರೂ ಅದನ್ನೇ ಹೇಳುತ್ತಿದ್ದರು.

ಗಿಡ್ಡ ಆಳು, ಅಗಲ ಅಂಗೈ. ಎಣ್ಣೆ ಗ್ರೀಸಿನ ಕೆಲಸಕ್ಕೆ ಯಾರೂ ಹಾಕದ ಬಿಳಿ ಅಂಗಿ ಹಾಕುತ್ತಿದ್ದರು. ಕಪ್ಪಾಗಿದ್ದು ಕಾಣಬೇಕಲ್ಲ, ಕಂಡರೆ ತಾನೆ ಎಲ್ಲಿ ಸೋರುತ್ತದೆಂದು ತಿಳಿಯುವುದು ಎನ್ನುತ್ತಿದ್ದರು. ಶೆಡ್ಡಿನ ಗೋಡೆಗೆ ಬುದ್ಧನ ಒಂದು ಚಿಕ್ಕ ಚಿತ್ರ. ಅದರ ಕೆಳಗೆ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ತೂಗುಬಿಟ್ಟ ಪಾನಾಗಳು.

ನಾನು ಅವರ ಬಳಿ ಹೋದದ್ದು ಅಪ್ಪನ ಪಿಕಪ್ಪಿನ ಸಲುವಾಗಿ. ಬಳಿಚಕ್ರದ ನಮ್ಮ ಮನೆ ಕುರಿ ಸಾಕುವವರದು. ಅಪ್ಪ ಬೀರಣ್ಣ ಹರೆಯದಲ್ಲಿ ಕುರಿ ಹಿಂಡನ್ನು ತಮ್ಮನಿಗೆ ಬಿಟ್ಟು, ಕಾಲುವೆಯ ಗುತ್ತಿಗೆದಾರರೊಬ್ಬರ ಬಳಿ ಡ್ರೈವರ್ ಆದ. ಗುಂಡು ಮೂಗಿನ, ದೂರ ದೂರ ಎರಡು ದೀಪಗಳ ಆ ಪಿಕಪ್ಪಿನಲ್ಲಿ ಸಿಮೆಂಟು, ಕೂಲಿಯವರು, ರೊಟ್ಟಿ ಬುಟ್ಟಿ, ಒಮ್ಮೊಮ್ಮೆ ಹೆರಿಗೆ ನೋವು ಬಂದ ಹೆಂಗಸರನ್ನೂ ಸಾಗಿಸಿದ. ಕೆಲಸ ಮುಗಿದು ಗುತ್ತಿಗೆದಾರರು ಬೇರೆ ಕಡೆ ಹೋಗುವಾಗ ಗಾಡಿಯನ್ನು ಅಪ್ಪನೇ ಕೊಂಡ. ಅಲ್ಲಿಂದ ಮುಂದೆ ಅದು ಕುರಿಗಳ ಗಾಡಿ. ವಾರವಾರ ಸಂತೆಗೆ ಕುರಿ ಒಯ್ಯುವುದು, ತರುವುದು.

ಯಾದಗಿರಿ ಜಿಲ್ಲೆಯಾದ ಒಂದೆರಡು ವರ್ಷಕ್ಕೆ ಆ ಗಾಡಿ ನಿಂತೇಬಿಟ್ಟಿತು. ಇಪ್ಪತ್ತೈದು ವರ್ಷದ ಕುರಿ ಉಚ್ಚೆ ಹಿಂದಿನ ತೊಟ್ಟಿಯನ್ನು ದಾಟಿ ಕೆಳಗಿನ ಚಾಸಿಯನ್ನು, ಅಂದರೆ ಗಾಡಿಯ ಬೆನ್ನೆಲುಬಾದ ಉಕ್ಕಿನ ಚೌಕಟ್ಟನ್ನು, ತಿಂದುಹಾಕಿತ್ತು. ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಅಣ್ಣ ಗುಜರಿಯವನನ್ನು ಕರೆಸಿದ. ಅಪ್ಪ ಕಟ್ಟೆಯ ಮೇಲೆ ಗಾಡಿಗೆ ಬೆನ್ನು ಮಾಡಿ ಕೂತ. ಆ ದಿನ ನಾನು ಊರಲ್ಲಿದ್ದೆ. ಅಪ್ಪನ ಆ ಬೆನ್ನು ನೋಡಲಾರದೆ ಗುಜರಿಯವನನ್ನು ವಾಪಸು ಕಳಿಸಿದೆ.

ನಾನು ಆಗ ಶಹಾಪುರದ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದೆ. ಟ್ರ್ಯಾಕ್ಟರಿಗೆ ಕಟ್ಟಿ ಗಾಡಿಯನ್ನು ಮಿಸ್ತ್ರಿಯ ಶೆಡ್ಡಿಗೆ ತರಿಸಿದೆ. ಕ್ಯಾಂಪಿನ ದಿನಗಳಲ್ಲಿ ಅದೇ ಗಾಡಿಯನ್ನು ಅವರು ಎಷ್ಟೋ ಸಲ ಬಿಚ್ಚಿ ಕಟ್ಟಿದ್ದರು. ಕೆಳಗೆ ಮಲಗಿ ಹೊರಗೆ ಬಂದವರು, ಮೇಲಿನ ಬಾಡಿ ಗಟ್ಟಿ ಇದೆ, ಕೆಳಗೆ ಏನೂ ಉಳಿದಿಲ್ಲ ಎಂದರು. ಇನ್ನೊಂದು ಹೊಸ ಪಿಕಪ್ಪಿನ ಚಾಸಿ ಸಿಕ್ಕರೆ, ಎಂಜಿನ್ನು ಬ್ರೇಕು ಸಮೇತ ಅದನ್ನು ತಂದು, ಅದರ ಮೇಲೆ ಈ ಬಾಡಿ ಕೂರಿಸಬಹುದು ಎಂದರು.

ಅಪ್ಪನಿಗೆ ಇದು ಸೇರಲಿಲ್ಲ. "ಅಡಿ ಎಲ್ಲಾ ಬ್ಯಾರೇದು ಆದ ಮ್ಯಾಲ ಅದು ನನ್ನ ಗಾಡಿ ಹ್ಯಾಂಗ ಆಗ್ತದ ಮರೆಪ್ಪ?" ಎಂದು ಕೇಳಿದ.

"ಕಾಲುವಿ ಬಂದ ಮ್ಯಾಲ ಜ್ವಾಳ ಹೋಗಿ ಭತ್ತ ಬಂತು. ಹೊಲ ಬದಲಾತೇನಣ್ಣ? ಯಾರ್ದು ಇತ್ತೋ ಅವರ್ದೇ ಅದ."

"ನನ್ನ ಹೊಲಕ್ಕ ಕಾಲುವಿ ಬಂದಿಲ್ಲಲೋ" ಎಂದ ಅಪ್ಪ.

ಅದು ನಿಜ. ಬಳಿಚಕ್ರದ ನಮ್ಮ ಹೊಲಕ್ಕೆ ಇಂದಿಗೂ ಮಳೆ ನೀರೇ ಗತಿ. ಹನ್ನೊಂದು ವರ್ಷ ಕಾಲುವೆಗೆ ದುಡಿದವನ ಬಾಯಲ್ಲಿ ಆ ಮಾತು ಕೇಳಿ ಮಿಸ್ತ್ರಿ ನಕ್ಕುಬಿಟ್ಟರು. ಅಪ್ಪನೂ ನಕ್ಕ. ಅಪ್ಪ ಒಪ್ಪಿದ್ದು ಆ ನಗುವಿನಲ್ಲಿಯೇ ಇರಬೇಕು. ಬಾಯಿಬಿಟ್ಟು ಯಾವತ್ತೂ ಹೇಳಲಿಲ್ಲ.

ಚಾಸಿ ಸಿಕ್ಕದ್ದು ಮುದನಾಳದ ಹತ್ತಿರ. ಮೂರೇ ವರ್ಷದ ಪಿಕಪ್ಪು. ಗಾಳಿಗೆ ಬೇವಿನ ಮರ ಮುರಿದು ಬಿದ್ದು ಅದರ ಕ್ಯಾಬಿನ್ನು ಅಪ್ಪಚ್ಚಿಯಾಗಿತ್ತು. ಕೆಳಗೆ ಪೆಟ್ಟಾಗಿದೆಯೋ ಇಲ್ಲವೋ ನೋಡಬೇಕಿತ್ತು. ಮಿಸ್ತ್ರಿ ಜೇಬಿನಿಂದ ದಾರದ ಉಂಡೆ ತೆಗೆದು, ಚಾಸಿಯ ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದು ಗಂಟು ಹಾಕಿದರು. ಅದೇ ದಾರವನ್ನು ಇನ್ನೆರಡು ಮೂಲೆಗೆ ಹಿಡಿದರು. ಗಂಟು ಸರಿಯಾಗಿ ಮೂಲೆಯ ತೂತಿನ ಮೇಲೆ ಬಂದು ಕೂತಿತು. "ಸೊಟ್ಟ ಆಗಿಲ್ರಿ ಅಕ್ಕೋರೆ" ಎಂದರು. ನಮ್ಮ ಕಡೆ ಶಿಕ್ಷಕಿಯರನ್ನು ಹಾಗೇ ಕರೆಯುವುದು. ಆಯತದ ಕರ್ಣಗಳು ಸಮ ಎಂಬುದನ್ನು ನಾನು ಹದಿನಾಲ್ಕು ವರ್ಷ ಕರಿಹಲಗೆಯ ಮೇಲೆ ಬರೆದಿದ್ದೆ. ಅದು ಯಾತಕ್ಕೆ ಬರುತ್ತದೆಂದು ನಾಲ್ಕನೇ ಇಯತ್ತೆ ಓದಿದ ಈ ಮನುಷ್ಯ ತೋರಿಸಿದರು. ಮರುವಾರದಿಂದ ಆ ಪಾಠಕ್ಕೆ ನಾನು ದಾರ ಒಯ್ಯತೊಡಗಿದೆ.

ನೆಲದ ಮೇಲೆ ಹಳೆಯ ಗಾಡಿಯನ್ನೂ ಹೊಸ ಚಾಸಿಯನ್ನೂ ಒಂದರ ಮೇಲೊಂದು ಬರೆದಾಗ, ಹೊಸದು ಒಂದು ಗೇಣು ಉದ್ದ ಎಂದು ಗೊತ್ತಾಯಿತು. ಹಿಂದಿನ ಗಾಲಿ ತೊಟ್ಟಿಯ ಕಮಾನಿನೊಳಗೆ ಬರುವುದಿಲ್ಲ. ಚಾಸಿಯನ್ನೇ ಕತ್ತರಿಸಿ ಗಿಡ್ಡ ಮಾಡಿದರಾಗದೇ ಎಂದು ನಾನು ಕೇಳಿದೆ. ಮಿಸ್ತ್ರಿ ಕಿವಿ ಮುಚ್ಚಿಕೊಳ್ಳುವುದೊಂದು ಬಾಕಿ. ಬೆನ್ನೆಲುಬು ಕಡಿದು ಬೆಸೆದ ಗಾಡಿಯಲ್ಲಿ ಯಾರನ್ನೂ ಕೂರಿಸಲಾರೆ ಎಂದರು. ತೊಟ್ಟಿಯನ್ನೇ ಒಂದು ಗೇಣು ಉದ್ದ ಮಾಡಿದರು.

ಇಂಥ ವಿಷಯದಲ್ಲಿ ಅವರದು ಕಲ್ಲಿನಂಥ ಹಟ. ಒಮ್ಮೆ ನಾನಿದ್ದಾಗಲೇ ಒಬ್ಬ ಬಂದು, ಚಾಸಿಯ ಮೇಲೆ ಕೊರೆದ ನಂಬರು ಉಜ್ಜಿ ಬೇರೆ ನಂಬರು ಹೊಡೆದುಕೊಡಲು ಕೇಳಿದ. ಮಿಸ್ತ್ರಿ ಅವನಿಗೆ ಚಹಾ ತರಿಸಿದರು, ಮಳೆ ಬೆಳೆ ಮಾತಾಡಿದರು, ರಸ್ತೆಯವರೆಗೆ ಹೋಗಿ ಬಸ್ಸು ಹತ್ತಿಸಿ ಬಂದರು. ಕೆಲಸದ ಸುದ್ದಿ ಮಾತ್ರ ಎತ್ತಲೇ ಇಲ್ಲ. ನಮ್ಮ ಗಾಡಿಗೂ ಹೊಸ ಚಾಸಿಯ ನಂಬರೇ ಕಾಗದದಲ್ಲಿ ಇರಬೇಕೆಂದು, ಕಚೇರಿಗೆ ನನ್ನನ್ನು ಮೂರು ಸಲ ಅಲೆದಾಡಿಸಿ, ಆದ ಬದಲಾವಣೆಯನ್ನೆಲ್ಲ ಬರೆಸಿದರು.

ತಪ್ಪೂ ಮಾಡಿದರು. ಕ್ಯಾಬಿನ್ನನ್ನು ಚಾಸಿಯ ಮೇಲೆ ಇಟ್ಟು, ಕೂರುವ ಕಡೆಗಳಿಗೆ ಬೆಸುಗೆ ಹಾಕಿದ ಮರುದಿನ ನನ್ನ ಸಾಲೆಗೇ ಬಂದರು. ವರಾಂಡದಲ್ಲಿ ಚಪ್ಪಲಿ ಬಿಟ್ಟು ನಿಂತು, ಬಲಗಡೆ ಬಾಗಿಲು ಹಾಕಲು ಬರುತ್ತದೆ, ಎಡಗಡೆಯದು ಬರುವುದಿಲ್ಲ ಎಂದು ಹೇಳಿದರು. ಎತ್ತರವನ್ನು ಚಾಸಿಯಿಂದ ಅಳೆಯುವ ಬದಲು ಶೆಡ್ಡಿನ ನೆಲದಿಂದ ಅಳೆದಿದ್ದರಂತೆ. ಆ ನೆಲವೇ ಒಂದು ಕಡೆ ಇಳಿಜಾರು.

"ನೆಲಾ ನಂಬಿದ್ನಿರಿ. ನಂದೇ ತಪ್ಪು. ಎಲ್ಲಾ ಕಡದು ಮತ್ತ ಮಾಡ್ತೀನಿ, ಹದಿನೈದು ದಿನ ಕೊಡ್ರಿ."

ಅವರು ಹೇಳದಿದ್ದರೆ ನನಗೆ ತಿಳಿಯುತ್ತಿರಲಿಲ್ಲ. ಬಾಗಿಲಿನ ಅಂಚು ತುಸು ಬಡಿದು ಕೂರಿಸಿದ್ದರೆ ಮುಗಿಯುತ್ತಿತ್ತು. ಎರಡನೆಯ ಸಲ ತೆಳು ಪ್ಲಾಸ್ಟಿಕ್ ಪೈಪಿನಲ್ಲಿ ನೀರು ತುಂಬಿ, ಅದರ ಎರಡು ತುದಿಯ ಮಟ್ಟ ನೋಡಿ ನೋಡಿ ಚಾಸಿಯನ್ನು ಸಮ ಮಾಡಿಕೊಂಡು, ಅದರ ಮೇಲೆ ಕ್ಯಾಬಿನ್ನು ಇಟ್ಟರು. ಬಾಗಿಲು ಎರಡೂ ಒಂದೇ ಸದ್ದಿನಲ್ಲಿ ಮುಚ್ಚಿದವು.

ಬಣ್ಣದ ಕೆಲಸ ಅವರ ಹೆಂಡತಿ ನಾಗಮ್ಮನದು. ಗಂಡ ಕಬ್ಬಿಣ ನೋಡಿದಷ್ಟೇ ನಿಗಾದಿಂದ ಆಕೆ ಬಣ್ಣ ನೋಡುತ್ತಿದ್ದಳು. ಪಿಕಪ್ಪಿನ ಮೂಲ ಬಣ್ಣ ಯಾವುದೆಂದು ನಮಗ್ಯಾರಿಗೂ ನೆನಪಿರಲಿಲ್ಲ. ನಾನು ನೀಲಿ ಎಂದೆ, ಅಣ್ಣ ಬೂದಿ ಎಂದ. ನಾಗಮ್ಮ ಕಾಗದಪತ್ರ ಇಡುವ ಖಾನೆಯ ಮುಚ್ಚಳ ಬಿಚ್ಚಿ, ಬಿಸಿಲು ಕಾಣದ ಅದರ ಹಿಂಬದಿ ತೋರಿಸಿದಳು. ಹಸಿರು. ಮಾರನೆಯ ದಿನ ಅಡುಗೆಮನೆಯಿಂದ ಒಂದು ಹಿಡಿ ಹೆಸರುಕಾಳು ತಂದು, ಅದರ ಪಕ್ಕ ಡಬ್ಬಿ ಇಟ್ಟುಕೊಂಡು ಬಣ್ಣ ಕಲೆಸಿದಳು.

ನಾಗಮ್ಮ ಬಣ್ಣ ಹಚ್ಚುತ್ತಿದ್ದ ಒಂದು ಮಧ್ಯಾಹ್ನ ನಾನು ಶೆಡ್ಡಿನಲ್ಲಿ ಕೂತಿದ್ದೆ. ಇಷ್ಟು ತ್ರಾಸು ಯಾಕೆ, ಅಪ್ಪನಿಗೆ ಒಂದು ಹೊಸ ಗಾಡಿಯೇ ಕೊಡಿಸಬಹುದಿತ್ತಲ್ಲ ಎಂದು ಮಿಸ್ತ್ರಿ ಕೇಳಿದರು. ಯಾರಿಗೂ ಹೇಳದ ಸಂಗತಿಯನ್ನು ಅವರಿಗೆ ಹೇಳಿದೆ. ಹೈಸ್ಕೂಲಿಗೆಂದು ಶಹಾಪುರದ ಹಾಸ್ಟೆಲ್ಲಿಗೆ ಸೇರಿದಾಗ ಅಪ್ಪ ನನ್ನನ್ನು ಈ ಪಿಕಪ್ಪಿನಲ್ಲೇ ತಂದುಬಿಡುತ್ತಿದ್ದ. ಹಿಂದೆ ಕುರಿ, ಮುಂದೆ ನಾನು. ಹುಡುಗಿಯರು ಮೂಗು ಮುಚ್ಚಿಕೊಂಡರು. ಮುಂದಿನ ಸಲ, ಗಾಡಿಯನ್ನು ಹಾಸ್ಟೆಲ್ಲಿನ ತನಕ ತರಬೇಡ, ಊರಬಾಗಿಲ ಅಗಸಿಯ ಹತ್ತಿರವೇ ನಿಲ್ಲಿಸು ಎಂದು ಅಪ್ಪನಿಗೆ ಹೇಳಿದೆ. ಯಾಕೆ ಎಂದು ಅವನು ಕೇಳಲಿಲ್ಲ. ಮೂರು ವರ್ಷ ಅಗಸಿಯಲ್ಲೇ ನಿಲ್ಲಿಸಿದ. ನಾನು ಟ್ರಂಕು ಹೊತ್ತು ನಡೆದೆ. ಅವನು ಏನು ತಿಳಿದುಕೊಂಡನೋ ಎಂಬುದು ಇಷ್ಟು ವರ್ಷ ನನ್ನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಮಿಸ್ತ್ರಿ ಕೈಯಲ್ಲಿದ್ದ ಪಾನಾ ಕೆಳಗಿಟ್ಟರು.

"ಅವತ್ತೇ ಸಂಜಿಕ ಬಂದು ನನ್ನ ಮುಂದ ಹೇಳ್ಯಾನ್ರಿ ನಿಮ್ಮಪ್ಪ. ನನ್ನ ಮಗಳಿಗಿ ನಾಚಿಕಿ ಬಂದದ ಮರೆಪ್ಪ, ಆಕಿ ಇನ್ನ ಕುರಿ ಹಿಂದ ಹೋಗಂಗಿಲ್ಲ, ಸಾಲಿ ಹಿಡದಾಳ ಅಂದ. ಖುಷಿಯಾಗಿ ಚಹಾ ಕುಡಿಸ್ಯಾನ."

ನಾನು ಎದ್ದು ಹೊರಗೆ ಹೋಗಿ ನಿಂತೆ. ನಾಗಮ್ಮ ಒಂದು ತಂಬಿಗೆ ನೀರು ತಂದುಕೊಟ್ಟಳು. ಅಪ್ಪನ ಬಳಿ ಆ ಮಾತನ್ನು ನಾನು ಎತ್ತಲಿಲ್ಲ. ಎತ್ತುವ ಅಗತ್ಯ ಉಳಿದಿರಲಿಲ್ಲ.

ಗಾಡಿ ಒಪ್ಪಿಸುವ ದಿನ ಮಿಸ್ತ್ರಿ ಅಪ್ಪನನ್ನು ಹಿಂದಕ್ಕೆ ಕರೆದುಕೊಂಡು ಹೋಗಿ ತೊಟ್ಟಿಯ ನೆಲ ತೋರಿಸಿದರು. ರಬ್ಬರ್ ಹಾಸಿನ ಕೆಳಗೆ ತಗಡು ತುಸು ಇಳಿಜಾರಾಗಿತ್ತು. ನಡುವೆ ನೀರು ಹರಿಯುವ ಒಂದು ದೋಣಿ, ಅದರ ತುದಿಗೆ ಒಂದು ಪೈಪು. ಕುರಿಗಳು ಏನು ಸುರಿಸಿದರೂ ಚಾಸಿಗೆ ತಾಗದೆ ರಸ್ತೆಗೆ ಹೋಗಬೇಕು.

"ನಿಮ್ಮ ಹೊಲಕ್ಕಂತೂ ಬರ್ಲಿಲ್ಲಣ್ಣ. ನಿಮ್ಮ ಕುರಿಗಾದ್ರೂ ಒಂದು ಕಾಲುವಿ ಇರ್ಲಿ" ಎಂದರು. ಅಪ್ಪ ನಕ್ಕು ನಕ್ಕು ಕಣ್ಣು ಒರೆಸಿಕೊಂಡ.

ಅಂದು ಅಪ್ಪನೇ ಓಡಿಸಿದ. ಪಕ್ಕದಲ್ಲಿ ನಾನು. ಶಹಾಪುರ ಬಿಟ್ಟು ಭತ್ತದ ಗದ್ದೆಗಳನ್ನು ದಾಟಿ ಭೀಮಾ ನದಿಯ ಸೇತುವೆಗೆ ಬಂದೆವು. ಸೇತುವೆಯ ಮೇಲೆ, ಸ್ಟೇರಿಂಗು ಬಹಳ ಹಗುರ ಮಾಡಿದ್ದಾನೆ ಮರೆಪ್ಪ, ನನ್ನನ್ನು ಮುದುಕ ಅಂದುಕೊಂಡನೇನೋ ಎಂದು ಗೊಣಗಿದ. ಊರು ಮುಟ್ಟಿದ ಮೇಲೂ ಅಗಸಿಯಲ್ಲಿ ನಿಲ್ಲಿಸದೆ, ಎಲ್ಲ ಓಣಿಗಳಲ್ಲೂ ಒಂದೊಂದು ಸುತ್ತು ಹಾಕಿದ. ಆಮೇಲೆ ಆರು ವರ್ಷ ಅದರಲ್ಲಿ ಸಂತೆ ಮಾಡಿದ. ಈಗ ಅಣ್ಣ ಓಡಿಸುತ್ತಾನೆ, ಅಪ್ಪ ಪಕ್ಕದಲ್ಲಿ ಕೂತು ತಪ್ಪು ಹೇಳುತ್ತಾನೆ.

ಮಂಡಿನೋವು ಹೆಚ್ಚಾಗಿ ಮಿಸ್ತ್ರಿ ಶೆಡ್ಡು ಮುಚ್ಚಿ, ಸುರಪುರದಲ್ಲಿದ್ದ ಮಗಳ ಮನೆಯ ಪಕ್ಕದಲ್ಲೇ ಮನೆ ಮಾಡಿದರು. ಒಮ್ಮೆ ಅಪ್ಪ, ನಾನು ಹೋಗಿ ಅವರ ಮನೆಯಲ್ಲಿ ಊಟ ಮಾಡಿ ಬಂದೆವು. ಸಜ್ಜಿ ರೊಟ್ಟಿ, ಪುಂಡಿ ಪಲ್ಯ. ಮುದುಕರಿಬ್ಬರೂ ಕ್ಯಾಂಪಿನ ಕಾಲದ ಒಬ್ಬ ಅಡುಗೆಯವನ ಹೆಸರು ನೆನಪಿಸಿಕೊಳ್ಳಲು ಇಡೀ ಮಧ್ಯಾಹ್ನ ಕಳೆದರು, ನೆನಪಾಗಲಿಲ್ಲ. ನಾವು ಹೊರಟಾಗ ಮಿಸ್ತ್ರಿ ಬಿಳಿ ಅಂಗಿ ತೊಟ್ಟು ಬಾಗಿಲ ತನಕ ಬಂದರು. ಮರುವರ್ಷದ ಮಳೆಗಾಲದಲ್ಲಿ ತೀರಿಕೊಂಡರು.

ಹೋದ ತಿಂಗಳು ಬ್ರೇಕಿನ ಸಣ್ಣ ಕೆಲಸಕ್ಕೆಂದು ಗಾಡಿಯನ್ನು ಯಾದಗಿರಿಯ ಒಂದು ಗ್ಯಾರೇಜಿಗೆ ಒಯ್ದಿದ್ದೆವು. ಅಲ್ಲಿಯ ಮೆಕ್ಯಾನಿಕ್ ನಡುವಯಸ್ಸಿನವನು, ಮಾತು ಕಡಿಮೆ. ಕೆಳಗೆ ತೂರಿದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಏನಾದರೂ ಕೆಟ್ಟಿದೆಯೇನೋ ಎಂದು ನನಗೆ ಗಾಬರಿ. ಕೊನೆಗೆ ತಲೆಯಷ್ಟೇ ಹೊರಗೆ ಹಾಕಿ ಕೇಳಿದ.

"ಈ ಬೆಸುಗಿ ಯಾರ್ದ್ರಿ ಅಕ್ಕೋರೆ? ಎಲ್ಲಿರ್ತಾರ ಅವರು? ಒಂದ್ಸಲ ಹೋಗಿ ನೋಡಬೇಕ್ರಿ ಅಂಥೋರ್ನ."

ಮರೆಪ್ಪ ಮಿಸ್ತ್ರಿ ಅಂತ, ಸುರಪುರದಲ್ಲಿ ಇದ್ದರು ಎಂದೆ.

ಇದ್ದರು ಎಂದದ್ದು ಅವನಿಗೆ ಅರ್ಥವಾಯಿತು. ಹೊರಗೆ ಬಂದು ಕೈ ಒರೆಸಿಕೊಂಡ. ಬ್ರೇಕಿನ ಕೆಲಸ ಆಗಲೇ ಮುಗಿದಿತ್ತು.

"ಹಂಗಾದ್ರ ಇನ್ನೊಂದೀಟು ನೋಡ್ತೀನಿ ತಡೀರಿ" ಎಂದು ಮತ್ತೆ ಕೆಳಗೆ ತೂರಿದ.